ಏವೂರಿನ ಗ್ರಹಣದಾನವೂ ಅಮಾವಾಸ್ಯೆಯ ನಿಂಬೆಹಣ್ಣೂ

ಸುರಪುರ ಸೀಮೆಯ ಒಂದೂರಿಗೆ ಹೊಲದ ಬದುವಿನ ಶಾಸನ ನೋಡಲು ಹೋಗಿದ್ದೆ. ಕಲ್ಲಿನ ಬುಡದಲ್ಲಿ ಮೊಣಕಾಲುದ್ದದ ಗುಂಡಿ. ಸುತ್ತ ಕುಂಕುಮ ಚೆಲ್ಲಿದ ಮಣ್ಣು, ಕೊಯ್ದ ನಿಂಬೆಹಣ್ಣು, ಅರ್ಧ ಸುಟ್ಟ ಊದಿನಕಡ್ಡಿ. "ಅಮಾಸಿ ರಾತ್ರಿ ಯಾರೋ ನಿಧಿ ಪೂಜಿ ಮಾಡ್ಯಾರ್ರಿ ಸರ" ಎಂದರು ಹೊಲದ ಯಜಮಾನರು. ಆಮೇಲೆ ದನಿ ತಗ್ಗಿಸಿ, "ಖರೇ ಹೇಳ್ರಿ, ಬಂಗಾರ ಎಲ್ಲಿ ಅದ ಅಂತ ಇದರಾಗ ಬರ್ದಾರೇನು?"

ಯಾದಗಿರಿ, ಶಹಾಪುರ, ಸುರಪುರದ ಕಡೆ ಈ ಪ್ರಶ್ನೆ ನನಗೆ ಹೊಸದಲ್ಲ. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು-ಕರು ಕಂಡರೆ ಸಾಕು, ಅದು ನಿಧಿಯ ಗುರುತು ಅನ್ನೋ ನಂಬಿಕೆ. ಸೂರ್ಯಚಂದ್ರರಿರೋವರೆಗೂ ದಾನ ನಡೀಲಿ ಅನ್ನೋದಷ್ಟೇ ಅದರ ಅರ್ಥ.

ಆದರೆ ಒಂದು ಮಾತು ಒಪ್ಪಲೇಬೇಕು. ಈ ಕಲ್ಲುಗಳ ಹಿಂದೆ ನಿಜವಾಗ್ಲೂ ಒಂದು ವಿಧಿ ಇತ್ತು. ಅದಕ್ಕೂ ಹೊತ್ತು ನೋಡಬೇಕಿತ್ತು, ಜಾಗ ಗೊತ್ತುಮಾಡಬೇಕಿತ್ತು, ಮನುಷ್ಯ ಸಿದ್ಧನಾಗಬೇಕಿತ್ತು.

ಇದೇ ಸೀಮೆಯ ಏವೂರಿನ ಶಾಸನ ನೋಡಿ. ಎಪಿಗ್ರಾಫಿಯಾ ಇಂಡಿಕಾದ 12ನೆಯ ಸಂಪುಟದಲ್ಲಿ ಬಾರ್ನೆಟ್ ಪ್ರಕಟಿಸಿದ್ದಾರೆ. ಆರನೆಯ ವಿಕ್ರಮಾದಿತ್ಯನ ಕಾಲದ್ದು, ಚಾಳುಕ್ಯ ವಿಕ್ರಮವರ್ಷದ 2ನೆಯ ವರ್ಷ, ಪಿಂಗಳ ಸಂವತ್ಸರ, ಶ್ರಾವಣ ಹುಣ್ಣಿಮೆ, ಆದಿತ್ಯವಾರ, ಚಂದ್ರಗ್ರಹಣ. ನಮ್ಮ ಲೆಕ್ಕದಲ್ಲಿ 1077ರ ಆಗಸ್ಟ್ 6. ಗ್ರಹಣ ಅಂದ್ರೆ ಇವತ್ತು ಎಷ್ಟೋ ಮನೆಗಳಲ್ಲಿ ನೀರಿಗೆ ಗರಿಕೆ ಹಾಕಿ ಬಾಗಿಲು ಮುಚ್ಚಿ ಕೂರ್ತಾರೆ. ಅಂದಿನವರಿಗೆ ದಾನಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ಸ್ವಯಂಭೂ ದೇಗುಲದ ದಾನ ಸ್ವೀಕರಿಸಿದವನು ಕಾಳಾಮುಖ ಯತಿ ಈಶಾನರಾಶಿ.

ಇಂಥ ಯತಿಗಳನ್ನು ಆ ಕಾಲದ ಶಾಸನಗಳು ಒಂದು ಉದ್ದನೆಯ ವಿಶೇಷಣದಿಂದ ಹೊಗಳುತ್ತವೆ: ಯಮ ನಿಯಮ ಸ್ವಾಧ್ಯಾಯ ಧ್ಯಾನ ಧಾರಣ ಮೌನಾನುಷ್ಠಾನ ಜಪ ಸಮಾಧಿ ಶೀಲಸಂಪನ್ನರಪ್ಪ. ಎಲ್ಲ ಕಡೆ ಬರೋ ಸಿದ್ಧಮಾತು ಅಂತ ವರ್ಷಗಟ್ಟಲೆ ಹಾರಿಸಿ ಓದಿದ್ದೇನೆ, ತಪ್ಪು ನನ್ನದೇ. ಕೈಯೊಡ್ಡುವವನು ಎಷ್ಟು ಸಿದ್ಧನಾಗಿದ್ದಾನೆ ಅನ್ನೋದನ್ನ ಕಲ್ಲು ಅಲ್ಲಿ ಹೇಳ್ತಿದೆ. ಕೊಡುವವನ ಸಿದ್ಧತೆಗೆ ಚಿಕ್ಕ ಮಾತು: ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ. ಕರ್ಚಿ ಅಂದ್ರೆ ತೊಳೆದು. ಅರಸನಾದರೂ ಮೊದಲು ಯತಿಯ ಪಾದ ತೊಳೀಬೇಕು, ಆಮೇಲೆ ಕೈಗೆ ನೀರೆರೆಯಬೇಕು. ನೀರು ಬಿದ್ದ ಮೇಲೆ ಭೂಮಿ ಅವನದಲ್ಲ.

ಜಾಗದ ಸಿದ್ಧತೆಯೂ ಕಡಿಮೆಯೇನಲ್ಲ. ಭೂಮಿಯನ್ನು ಕೋಲಿನಿಂದ ಅಳೆದು ಇಷ್ಟು ಮತ್ತರು ಅಂತ ಬರೆಸಿ, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾರ ಹೊಲ ಅಂತ ಎಲ್ಲೆ ಹೇಳಿ, ಗಡಿಗೆ ಕಲ್ಲು ನೆಡಿಸುತ್ತಿದ್ದರು. ಕೊನೆಗೆ ಶಾಪ: ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಲಿ, ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಬರಲಿ. ಕಳ್ಳರಿಗೆಂದೇ ಬರೆಸಿದ ಸಾಲು. ಅದರ ಬುಡದಲ್ಲೇ ನಿಂಬೆಹಣ್ಣು ಕೊಯ್ದು ಕೂತಿದ್ದರು!

ನಮ್ಮದೂ ಒಂದು ಪೂಜೆಯೇ ಅನ್ನಿ. ಬ್ರಷ್ಷಿನಿಂದ ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬಡಿದು, ಮಸಿ ಒತ್ತಬೇಕು. ಶುರುಮಾಡೋ ಮೊದಲು ಯಜಮಾನರು ಕಾಯಿ ಒಡೆದರು. ಎಣ್ಣೆ ಮಾತ್ರ ಬೇಡ ಅಂದೆ, ಅಕ್ಷರದೊಳಗೆ ಜಿಡ್ಡು ಕಟ್ಟುತ್ತೆ.

ಅಚ್ಚು ತೆಗೆದಾಗ ಗೊತ್ತಾಯ್ತು, ಹಾರೆಯೇಟಿಗೆ ಮೂರು ಸಾಲು ಚಕ್ಕೆ ಎದ್ದಿವೆ. ಶಾಪದ ಸಾಲಾಗಿದ್ರೆ ಬೇರೆ ಹತ್ತು ಶಾಸನ ನೋಡಿ ತುಂಬಿಸಬಹುದಿತ್ತು. ಹೋಗಿದ್ದು ಎಲ್ಲೆ ಹೇಳೋ ಸಾಲು. ಆ ಹಳ್ಳದ, ನೆರೆಯೂರಿನ ಹಳೆ ಹೆಸರು ಇನ್ನೆಲ್ಲೂ ಬರೆದಿರಲಿಕ್ಕಿಲ್ಲ.

ಉಳಿದಿದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಹುಳುವಿನ ಮಾತು ಬಂದಾಗ ಯಜಮಾನರು ಮಗನನ್ನು ಕೂಗಿದರು: "ತಮ್ಮಾ, ಫೋನ್ ತಗೊಂಡ್ ಬಾ. ಸರ, ಅದೊಂದ್ ಸಾಲು ಇನ್ನೊಮ್ಮೆ ಓದ್ರಿ, ಊರ ಮಂದಿಗೆಲ್ಲ ಕೇಳಸ್ಬೇಕು."