ಸಕ್ಕರೆಯ ಅಳತೆ

ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವಾಗ ನೀವು ಮೊದಲು ನೋಡುವುದೇನು? ಬದನೆಕಾಯಿಯ ಹೊಳಪು, ಆಮೇಲೆ ಬೆಲೆ. ಹಳಬರ ಕಣ್ಣಾದರೋ ತಕ್ಕಡಿಯ ಕಡೆಗೆ ಹರಿಯುತ್ತಿತ್ತು. 1928ರಲ್ಲಿ ಈ ಮಾರುಕಟ್ಟೆ ಸ್ಥಾಪಿತವಾದಾಗ ನಡೆಯುತ್ತಿದ್ದುದು ಸೇರು, ಮಣಗಳ ವ್ಯವಹಾರ. 1956ರ ಕಾಯಿದೆಯ ಮೇಲೆ ಹಂತಹಂತವಾಗಿ ಕಿಲೋಗ್ರಾಮು ಬಂದಿತು. ಅಳತೆ ಬದಲಾದರೂ ಮುದ್ರೆಯಿಲ್ಲದ ತೂಕದ ಕಲ್ಲನ್ನು ನಂಬಬಾರದೆಂಬ ವಿವೇಕ ಬದಲಾಗಲಿಲ್ಲ. ಬೆಲೆಯೊಡನೆ ತೂಕವೂ ಇಳಿದರೆ ಕೊಂಡವನಿಗೆ ಲಾಭವೇನು?

ಮಾರುಕಟ್ಟೆಯ ಸಮೀಪದಲ್ಲಿಯೇ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯಿದೆ. ಅಲ್ಲಿಯೂ ಒಂದು ಅಳತೆ ನಡೆಯುತ್ತದೆ. ಅದು ನೆತ್ತರಿನ ಸಕ್ಕರೆಯ ಅಳತೆ. ಇಂದು ಅದು ನಮ್ಮ ಮನೆಯ ಗೂಡಿಗೂ ಬಂದಿದೆ. ಬಂದ ದಾರಿ ಬಹಳ ದೀರ್ಘವಾದುದು.

ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆ ಪ್ರಮೇಹದ ಮುನ್ಸೂಚನೆಯೆಂದು ಹೇಳಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಸ್ಟಾನ್ಲಿ ಬೆನೆಡಿಕ್ಟ್ ಒಂದು ನೀಲಿ ದ್ರಾವಣವನ್ನು ಸಿದ್ಧಪಡಿಸಿದನು. ನಾನು ಬಾಲಕನಾಗಿದ್ದಾಗ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ತಂದೆಯವರು ದಿನವೂ ಬೆಳಗ್ಗೆ ಆ ದ್ರಾವಣಕ್ಕೆ ಎಂಟು ತೊಟ್ಟು ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸುತ್ತಿದ್ದರು. ನೀಲಿ ಉಳಿದರೆ ನೆಮ್ಮದಿ. ಹಸುರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಮನೆಯಲ್ಲಿ ಮೌನ. ಆದರೆ ನೆತ್ತರಿನಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆಯೇ ಅದು ಮೂತ್ರದಲ್ಲಿ ತೋರುವುದು. ಎಂದರೆ, ಅದು ತಡವಾಗಿ ತಲುಪುವ ಸುದ್ದಿ.

1960ರ ದಶಕದ ನಡುವಿನಲ್ಲಿ ಡೆಕ್ಸ್‌ಟ್ರೋಸ್ಟಿಕ್ಸ್ ಎಂಬ ಪಟ್ಟಿ ಬಂದಿತು. ಅದರ ಮೇಲೆ ನೆತ್ತರಿನ ತೊಟ್ಟಿಟ್ಟು, ಒಂದು ನಿಮಿಷ ಕಾದು, ತೊಳೆದು, ಬಣ್ಣವನ್ನು ಹೋಲಿಸಿ ನೋಡಬೇಕಾಗಿತ್ತು. 1970ರ ಸುಮಾರಿಗೆ ಬಣ್ಣವನ್ನು ಓದುವ ಯಂತ್ರ ಬಂದಿತು. 1987ರಲ್ಲಿ ಲೇಖನಿಯಷ್ಟು ಪುಟ್ಟ ಯಂತ್ರವೂ ಬಂದಿತು. ಪಟ್ಟಿಯ ಜೀವಾಳವೆಂದರೆ ಅದರೊಳಗಿನ ಕಿಣ್ವ. ತೇವ, ಬಿಸಿಲು, ಕಾಲ ಈ ಮೂರೂ ಅದಕ್ಕೆ ವೈರಿಗಳು.

ಕಳೆದ ವರುಷ ನಮ್ಮ ಅಕ್ಕನಿಗಾಗಿ ಮಗ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಪಟ್ಟಿ ತರಿಸಿದನು. ಯಂತ್ರ 130 ಎಂದಿತು. ಅಕ್ಕ ಸಂತೋಷದಿಂದ ಪಥ್ಯವನ್ನು ಸಡಿಲಿಸಿದಳು. ಎರಡು ವಾರದ ಮೇಲೆ ಪ್ರಯೋಗಾಲಯದ ಲೆಕ್ಕ 260 ಎಂದಿತು. ಡಬ್ಬಿಯನ್ನು ತಿರುವಿ ನೋಡಿದರೆ, ಬೆಲೆಯ ಚೀಟಿಯ ಅಡಿಯಲ್ಲಿ ಮುಗಿದುಹೋದ ಅವಧಿ ಅಡಗಿತ್ತು! ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇಂಥ ಸುಳ್ಳು ಅಂಕಿ ಪ್ರಾಣಕ್ಕೇ ಸಂಚಕಾರ.

ಹಾಗೆಂದು ದುಬಾರಿಯಾದುದೇ ಒಳ್ಳೆಯದೆಂದಲ್ಲ. ಯಂತ್ರದ ಬೆಲೆಗೆ ಮರುಳಾಗದೆ, ಪಟ್ಟಿಯೊಂದಕ್ಕೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿರಿ; ನಿತ್ಯದ ಖರ್ಚು ಅದೇ. ಅವಧಿಯೊಳಗೆ ಮುಗಿಯುವಷ್ಟನ್ನೇ ಕೊಳ್ಳಿರಿ. ನಿಮ್ಮ ಯಂತ್ರಕ್ಕೆ ಹೊಂದುವ ಪಟ್ಟಿಯೇ, ಮೊಹರು ಒಡೆಯದ ಡಬ್ಬಿಯೇ, ತಯಾರಕರ ಹೆಸರು, ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ಅವಧಿ ಇವೆಲ್ಲ ಉಂಟೇ ಎಂದು ನೋಡಿರಿ. ಮಾರುವವನ ಹೆಸರು ವಿಳಾಸಗಳನ್ನು ಆನ್‌ಲೈನ್ ಮಾರುಕಟ್ಟೆಗಳು ತೋರಿಸಬೇಕೆಂದು 2020ರ ನಿಯಮವಿದೆ. ರಸೀತಿಯನ್ನು ಜೋಪಾನವಾಗಿಡಿ, ಮೋಸವಾದರೆ ಗ್ರಾಹಕರ ಸಹಾಯವಾಣಿ 1915 ಉಂಟು. ಚುಚ್ಚುವ ಸೂಜಿಯನ್ನು ಒಬ್ಬರದನ್ನು ಇನ್ನೊಬ್ಬರು ಬಳಸಲೇಬಾರದು.

ಒಳ್ಳೆಯ ಯಂತ್ರಕ್ಕೂ ಶೇಕಡ 15ರವರೆಗೆ ಹೆಚ್ಚುಕಡಮೆಯನ್ನು ಅಂತರರಾಷ್ಟ್ರೀಯ ಮಾನದಂಡ ಒಪ್ಪುತ್ತದೆ. ಆದುದರಿಂದ ಆಗಾಗ ಪ್ರಯೋಗಾಲಯದ ಲೆಕ್ಕದೊಡನೆ ತಾಳೆ ನೋಡಿರಿ. ಅಂಕಿ ವಿಚಿತ್ರವೆನಿಸಿದರೆ ಔಷಧವನ್ನು ನೀವೇ ಬದಲಿಸದೆ ವೈದ್ಯರನ್ನು ಕೇಳಿರಿ.

ತರಕಾರಿಯ ತೂಕ ತಪ್ಪಿದರೆ ಒಂದು ಹೊತ್ತಿನ ಸಾರು ತೆಳ್ಳಗಾದೀತು. ಈ ಅಳತೆ ತಪ್ಪಿದರೆ ತೆರಬೇಕಾದ ಬೆಲೆಯೇ ಬೇರೆ. ತಕ್ಕಡಿಯನ್ನು ನೋಡುತ್ತಿದ್ದ ಹಿರಿಯರ ಆ ಕಣ್ಣು ನಮಗೂ ಇರಲಿ.