ದಣಿದವರ ಪಾನೀಯ: ಬೆಲ್ಲದ ನೀರಿನಿಂದ ಮುಂಬಯಿ ಮ್ಯಾರಥಾನ್‌ವರೆಗೆ

ನಮ್ಮ ಕರಾವಳಿಯ ಮನೆಗಳಲ್ಲಿ ಬಂದವರಿಗೆ ಮೊದಲು ಕೊಡುತ್ತಿದ್ದುದು ಚಹಾ ಅಲ್ಲ, ಕಾಫಿಯೂ ಅಲ್ಲ. ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಬಸ್ಸುಗಳಿಲ್ಲದ ಕಾಲದಲ್ಲಿ ನೆಂಟರು ಗುಡ್ಡ ಹತ್ತಿಳಿದು, ಹೊಳೆ ದಾಟಿ, ನಡೆದೇ ಬರಬೇಕಿತ್ತು. ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದ ಮೇಲೆಯೇ ಕ್ಷೇಮಸಮಾಚಾರ. ಇದನ್ನು ನಾವು ಅತಿಥಿ ಸತ್ಕಾರವೆಂದು ಕರೆಯುತ್ತೇವೆ. ಸತ್ಕಾರ ಹೌದು, ಆದರೆ ದಣಿದ ದೇಹದ ಆರೈಕೆಯೂ ಹೌದು. ಬೇಸಗೆಯ ರಾಮನವಮಿಗೆ ಬೆಲ್ಲ, ಏಲಕ್ಕಿ, ಶುಂಠಿ ಹಾಕಿದ ಪಾನಕ. ಪುನರ್ಪುಳಿ ಶರಬತ್ತಿಗೆ ಸಕ್ಕರೆಯ ಜೊತೆ ಚಿಟಿಕೆ ಉಪ್ಪು. ಬಿಸಿಲು, ಬೆವರು, ಸಿಹಿ, ಉಪ್ಪು ಇವುಗಳ ಲೆಕ್ಕ ನಮ್ಮ ಅಡುಗೆಮನೆಗೆ ಹಿಂದಿನಿಂದಲೂ ಗೊತ್ತಿತ್ತು.

ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಇಲ್ಲಿಯೂ ದಣಿವಾರಿಸುವ ಪಾನೀಯಗಳು ಸಿಕ್ಕವು. ಪುನರ್ಪುಳಿ ಇಲ್ಲಿ ಕೋಕಮ್ ಆಗಿತ್ತು. ಕಬ್ಬಿನ ಹಾಲಿನ ಅಂಗಡಿ 'ರಸವಂತಿ ಗೃಹ'ವಾಗಿತ್ತು. ಯಂತ್ರದ ಗಾಲಿ ತಿರುಗಿದಂತೆ ಅದಕ್ಕೆ ಕಟ್ಟಿದ ಗೆಜ್ಜೆ ಗಲಗಲ ಎನ್ನುವುದನ್ನು ಕೇಳದ ಮುಂಬಯಿಗರಿಲ್ಲ. ಇನ್ನೊಂದು ಪಾನೀಯ ನೀರಾ. 1949ರ ಮುಂಬಯಿ ಪಾನನಿರೋಧ ಕಾಯ್ದೆಯ ಕಾಲದಲ್ಲಿ ಹೆಂಡಕ್ಕೆ ನಿಷೇಧ ಬಂದರೂ, ಅದೇ ಮರದ ಹುಳಿಯದ ಸಿಹಿರಸಕ್ಕೆ ಪರವಾನಗಿಯ ಮೇಲೆ ಜಾಗ ಉಳಿಯಿತು. ಮಡಕೆಯ ಒಳಗೆ ಸುಣ್ಣ ಬಳಿದು, ಸೂರ್ಯ ಏರುವ ಮೊದಲೇ ಇಳಿಸಿದ ನೀರಾವನ್ನು ಕೆಲವೇ ಗಂಟೆಗಳಲ್ಲಿ ಕುಡಿದು ಮುಗಿಸಬೇಕು. ರೈಲು ನಿಲ್ದಾಣಗಳಲ್ಲಿದ್ದ ನೀರಾ ಕೇಂದ್ರಗಳು ಬೆಳಗಿನ ಹೊತ್ತು ದುಡಿಮೆಗೆ ಹೊರಟವರಿಗೆ ಅದನ್ನು ಒದಗಿಸಿದವು. ಗಾಂಧೀಜಿಯವರು ಇದೇ ರಸದಿಂದ ತಾಳೆಬೆಲ್ಲ ಮಾಡುವುದನ್ನು ಗ್ರಾಮೋದ್ಯೋಗವಾಗಿ ಪ್ರೋತ್ಸಾಹಿಸಿದ್ದರು. ನಮ್ಮ ಊರಿನ ಓಲೆಬೆಲ್ಲ ಅದರ ಸಮೀಪದ ಬಂಧುವೇ.

ಸಿಹಿಗೂ ದಣಿವಿಗೂ ಇರುವ ಈ ನಂಟನ್ನು ವಿಜ್ಞಾನ ಅಳೆದು ನೋಡಿದ್ದು ಸುಮಾರು ನೂರು ವರ್ಷಗಳ ಹಿಂದೆ. 1924ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಮುಗಿಸಿದ ಓಟಗಾರರ ರಕ್ತವನ್ನು ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ಜೆಸ್ ಗಾರ್ಡನ್ ಮೊದಲಾದ ವೈದ್ಯರು ಪರೀಕ್ಷಿಸಿದರು. ತೀರಾ ಬಳಲಿ ಬಿಳುಚಿಕೊಂಡವರ ರಕ್ತದಲ್ಲಿ ಸಕ್ಕರೆಯ ಅಂಶ ಬಹಳ ಕುಸಿದಿತ್ತು. ಮರುವರ್ಷ ಓಟಗಾರರಿಗೆ ಮುನ್ನಾದಿನ ಪಿಷ್ಟದ ಆಹಾರ, ಓಟದ ನಡುವೆ ಸಕ್ಕರೆ ಮಿಠಾಯಿ ಕೊಟ್ಟು ನೋಡಿದರು. ರಕ್ತದ ಸಕ್ಕರೆ ಕುಸಿಯಲಿಲ್ಲ. ಓಟಗಾರರು ಗೆಲುವಾಗಿಯೇ ಗುರಿ ಮುಟ್ಟಿದರು. 1960ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಸ್ನಾಯುಗಳೊಳಗಿನ ಗ್ಲೈಕೋಜನ್ ಸಂಗ್ರಹವನ್ನೇ ಅಳೆದರು. ಸತತವಾಗಿ ಓಡಿದರೆ ಈ ಉಗ್ರಾಣ ಸಾಮಾನ್ಯವಾಗಿ ಒಂದೂವರೆ ಎರಡು ಗಂಟೆಗಳಲ್ಲಿ ಬರಿದಾಗುತ್ತ ಬರುತ್ತದೆ. ಆಗ ಹೊರಗಿನಿಂದ ಬರುವ ಸಿಹಿಯೇ ಇಂಧನ.

ಉಪ್ಪಿನ ಪಾತ್ರವೂ ಅದೇ ದಶಕದಲ್ಲಿ ತಿಳಿಯಿತು. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಜೊತೆಯಾಗಿ ಒಳಸೇರುತ್ತವೆ ಎಂದು 1960ರಲ್ಲಿ ರಾಬರ್ಟ್ ಕ್ರೇನ್ ಪ್ರತಿಪಾದಿಸಿದರು; ನೀರು ಅವುಗಳ ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಗ್ಲುಕೋಸ್ ಮತ್ತು ಉಪ್ಪು ಬೆರೆಸಿದ ನೀರು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಮಗುವಿಗೆ ಭೇದಿಯಾದಾಗ ತಾಯಂದಿರು ಕೊಡುವ ಓಆರ್‌ಎಸ್ ಮತ್ತು ಕ್ರೀಡಾಪಟುಗಳ ಬಾಟಲಿಯ ಪಾನೀಯ, ಎರಡರ ಹಿಂದಿರುವ ತತ್ವ ಒಂದೇ.

ನಮ್ಮ ಕಬ್ಬಿನ ಹಾಲೂ ಪರೀಕ್ಷೆಗೆ ಒಳಗಾಗಿದೆ. ಭಾರತದ 15 ಮಂದಿ ಯುವ ಕ್ರೀಡಾಪಟುಗಳಿಗೆ ಸೈಕಲ್ ತುಳಿಯುವಾಗ ಕಬ್ಬಿನ ಹಾಲು, ಮಾರುಕಟ್ಟೆಯ ಕ್ರೀಡಾ ಪಾನೀಯ ಮತ್ತು ಬರಿ ನೀರನ್ನು ಬೇರೆ ಬೇರೆ ದಿನ ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ತುಳಿದ ಒಟ್ಟು ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಕಬ್ಬಿನ ಹಾಲೇ ಮುಂದಿತ್ತು. ದುಬಾರಿ ಬಾಟಲಿಗೆ ನಮ್ಮ ರಸವಂತಿ ಸೋತಿಲ್ಲ, ಆದರೆ ಅದು ಪವಾಡವನ್ನೂ ಮಾಡಿಲ್ಲ.

ಈ ಇತಿಹಾಸದಲ್ಲಿ ನಾವು ಮಹಿಳೆಯರು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಬೆಲ್ಲ ಕೊಟ್ಟ ಕೈ, ಪಾನಕ ಕರಡಿದ ಕೈ ಹೆಣ್ಣಿನದು. ಗದ್ದೆಯಲ್ಲಿ ಬಗ್ಗಿ ನೇಜಿ ನೆಟ್ಟವಳು, ಬಾವಿಯಿಂದ ನೀರು ಹೊತ್ತವಳು ಅವಳೇ. ಆದರೂ ದಣಿದವರ ಪಟ್ಟಿಯಲ್ಲಿ ಅವಳ ಹೆಸರು ಕೊನೆಗೆ. ಕ್ರೀಡಾಲೋಕವೂ ಹಾಗೆಯೇ ನಡೆದುಕೊಂಡಿತು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿ ಬಳಲಿದ್ದನ್ನೇ ದೊಡ್ಡದು ಮಾಡಿ, ಆ ಓಟವನ್ನು 1960ರವರೆಗೆ ಕೈಬಿಟ್ಟರು. ಓಟ ಮುಗಿಸಿದ ಗಂಡಸು ಬಳಲಿದರೆ ಅದು ಸಾಹಸ, ಹೆಂಗಸು ಬಳಲಿದರೆ ಅದು ದೌರ್ಬಲ್ಯ! ಸಕ್ಕರೆಯ ಪ್ರಯೋಗ ನಡೆದ ಬಾಸ್ಟನ್ ಓಟದಲ್ಲಿಯೂ ಮಹಿಳೆಯರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಆರಂಭವಾದದ್ದು 1984ರಲ್ಲಿ; ಅಮೆರಿಕದ ಜೋನ್ ಬೆನೋಯಿಟ್ ಚಿನ್ನ ಗೆದ್ದರು.

2004ರ ಫೆಬ್ರವರಿಯಲ್ಲಿ ಮುಂಬಯಿ ಮ್ಯಾರಥಾನ್ ಶುರುವಾಯಿತು. ಇಂದು ಅದರಲ್ಲಿ ಸೀರೆ ಉಟ್ಟು ಓಡುವ ಅಜ್ಜಿಯಂದಿರೂ ಇದ್ದಾರೆ, ಪೂರ್ತಿ 42.195 ಕಿಲೋಮೀಟರ್ ಮುಗಿಸುವ ಗೃಹಿಣಿಯರೂ ಇದ್ದಾರೆ. ರಸ್ತೆಯ ಇಕ್ಕೆಲಗಳಲ್ಲಿ ನಿಂತವರು ಗುರುತು ಪರಿಚಯವಿಲ್ಲದ ಓಟಗಾರರಿಗೆ ಕಿತ್ತಳೆ ತೊಳೆ, ಚಿಕ್ಕಿ, ಬಿಸ್ಕೆಟ್ ನೀಡುತ್ತಾರೆ. ಅಲ್ಲಿ ಓಡುವ ಹೆಣ್ಣಿಗೆ ಸಿಹಿಯನ್ನು ಬೇರೆಯವರು ಕೊಡುತ್ತಾರೆ, ಅವಳು ತೆಗೆದುಕೊಳ್ಳುತ್ತಾಳೆ. ಚಿಕ್ಕದಾಗಿ ಕಂಡರೂ ಇದು ದೊಡ್ಡ ಬದಲಾವಣೆ.

ಇಷ್ಟು ತಿಳಿದ ಮೇಲೆ ಅಳತೆಯನ್ನೂ ತಿಳಿಯೋಣ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಓಡುವವರು ಅಥವಾ ಬೆಟ್ಟ ಹತ್ತುವವರು ಅರ್ಧ ಲೀಟರ್ ನೀರಿಗೆ ಸುಮಾರು 30 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು, ಬೇಕಿದ್ದರೆ ನಿಂಬೆರಸ ಬೆರೆಸಿಕೊಳ್ಳಬಹುದು. ಕ್ರೀಡಾ ಪಾನೀಯಗಳಲ್ಲಿ ಇರುವಂತೆ ಸಿಹಿ ಶೇ. 6ರಷ್ಟಾಗುತ್ತದೆ. ಒಮ್ಮೆಲೇ ಕುಡಿಯದೆ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಸಾಕು. ಕಬ್ಬಿನ ಹಾಲಿನಲ್ಲಿ ಸಿಹಿ ಇದರ ಎರಡು ಪಟ್ಟು. ಓಟದ ನಡುವೆ ಕುಡಿಯುವುದಾದರೆ ಅಷ್ಟೇ ನೀರು ಬೆರೆಸಬೇಕು, ಮಂಜುಗಡ್ಡೆಯ ಶುಚಿತ್ವವನ್ನೂ ನೋಡಿಕೊಳ್ಳಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಯಾವುದನ್ನೂ ಸ್ಪರ್ಧೆಯ ದಿನವೇ ಮೊದಲ ಬಾರಿಗೆ ಪ್ರಯೋಗಿಸಬಾರದು.

ಅರ್ಧ ಗಂಟೆ ಉದ್ಯಾನದಲ್ಲಿ ಸುತ್ತು ಹಾಕುವವರಿಗೆ ಮಾತ್ರ ಬರಿ ನೀರೇ ಸಾಕು. ನಮ್ಮ ಹಿರಿಯರ ಬೆಲ್ಲದ ಹಿಂದೆ ಮೈಲುಗಟ್ಟಲೆ ನಡಿಗೆ ಇತ್ತು. ಲಿಫ್ಟ್, ರಿಕ್ಷಾ, ಕುರ್ಚಿಯ ಕೆಲಸ ಇವುಗಳ ನಡುವೆ ನಡಿಗೆ ಹೋಗಿ ಬರಿ ಸಿಹಿ ಉಳಿದದ್ದರಿಂದಲೂ ಮಧುಮೇಹ ನಮ್ಮ ಮನೆಮನೆಗೆ ಬಂದಿದೆ. ಬೆಲ್ಲವಾದರೂ ಅದು ಸಕ್ಕರೆಯೇ. ಮಧುಮೇಹವಿದ್ದವರು ವೈದ್ಯರನ್ನು ಕೇಳದೆ ಈ ಪಾನೀಯಗಳನ್ನು ಕುಡಿಯಬಾರದು. ಉಳಿದವರು ಮೊದಲು ಬೂಟು ಕಟ್ಟೋಣ. ಮೈಮುರಿದು ದಣಿದ ದಿನ ಮನೆಯವರಿಗೆಲ್ಲ ಪಾನಕ ಮಾಡುವಾಗ ಮೊದಲ ಲೋಟವನ್ನು ನಮಗಾಗಿ ತೆಗೆದಿಟ್ಟುಕೊಳ್ಳೋಣ.