ಹಸಿರಿನ ಕೆಳಗೆ ನಗರ, ನೀಲಿಯ ಕೆಳಗೆ ಗದ್ದೆ: ಶರಾವತಿ ಕಣಿವೆಯ ಹಳೆಯ ನಕ್ಷೆಗಳು

ಜೋಗ ಮತ್ತು ಗೇರುಸೊಪ್ಪೆಗಳ ಸೀಮೆ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ 48 ಜೆ ಸಂಖ್ಯೆಯ ಹಾಳೆಗಳಿಗೆ ಸೇರುತ್ತದೆ. ನಮ್ಮ ಬಬಲೇಶ್ವರ, ತಿಕೋಟಾಗಳ ಎರೆಭೂಮಿಯನ್ನು ತೋರುವ 47 ಪಿ ಹಾಳೆಗಳಲ್ಲಿ ಸಮೋನ್ನತಿ ರೇಖೆಗಳು ಒಂದಕ್ಕೊಂದು ದೂರದೂರ ಸಾಗುತ್ತವೆ. ಶರಾವತಿ ಘಟ್ಟವಿಳಿಯುವಲ್ಲಿ ಅವೇ ರೇಖೆಗಳು ಒತ್ತೊತ್ತಾಗಿ ಕಂದುಬಣ್ಣದ ಕಲೆಯಂತಾಗುತ್ತವೆ. 253 ಮೀಟರ್ ಧುಮುಕುವ ಜಲಪಾತಕ್ಕೆ ಹಾಳೆಯ ಮೇಲೆ ಕೂದಲೆಳೆಯಷ್ಟೂ ಅಗಲವಿಲ್ಲ.

ಈ ಹಾಳೆಗಳ ಹಸಿರನ್ನು ಅನಾದಿ ಅರಣ್ಯವೆಂದು ಓದುವುದು ಪ್ರಮಾದ. ಹದಿನಾರನೆಯ ಶತಮಾನದಲ್ಲಿ ಚೆನ್ನಭೈರಾದೇವಿಯ ರಾಜಧಾನಿಯಾಗಿದ್ದ ಗೇರುಸೊಪ್ಪೆಯಿಂದ ಕಾಳುಮೆಣಸು ಕಡಲಿಗೆ ಇಳಿಯುತ್ತಿತ್ತು; ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ಇಂದು ನಗರಬಸ್ತಿಕೇರಿಯ ಚತುರ್ಮುಖ ಬಸದಿ ಕಾಡಿನ ನಡುವೆ ನಿಂತಿದೆ. ಕೇರಿಯ ಹೆಸರಿನಲ್ಲಿ ‘ನಗರ’ ಉಳಿದಿದೆ, ನೆಲದ ಮೇಲೆ ಉಳಿದಿಲ್ಲ. ಮರಗಳನ್ನು ಕಂಡ ಸರ್ವೇಯರನು ಹಸಿರು ಬಳಿದ. ಆತನ ತಪ್ಪೇನೂ ಇಲ್ಲ.

ಆದರೆ ಸರ್ವೇಕ್ಷಣೆ ಎಂದರೆ ಮೊದಲು ಇಷ್ಟೇ ಆಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ ಮೈಸೂರು ಸೀಮೆಯನ್ನು ಅಳೆಯಿಸಿದ ಕಾಲಿನ್ ಮೆಕೆಂಜಿ, ಅಳತೆಯ ಜೊತೆಗೇ ಶಾಸನ, ಕೈಫಿಯತ್ತು, ಓಲೆಗರಿಗಳನ್ನೂ ಸಂಗ್ರಹಿಸಿದ. ಅವನಿಗೆ ನೆರವಾದವರಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಒಬ್ಬ. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಚಿತ್ರದಲ್ಲಿ ಮೆಕೆಂಜಿಯ ಪಕ್ಕದಲ್ಲಿ ದೂರದರ್ಶಕ ಹಿಡಿದವನೂ ಇದ್ದಾನೆ, ಓಲೆಗರಿ ಹಿಡಿದ ಧರ್ಮಯ್ಯನೂ ಇದ್ದಾನೆ. ಮುಂದಿನ ಕಾಲದ ಸ್ಥಳಾಕೃತಿ ಹಾಳೆಗಳಿಗೆ ಬಂದದ್ದು ದೂರದರ್ಶಕದ ಸಾಕ್ಷ್ಯ ಮಾತ್ರ. ಓಲೆಗರಿ ಗ್ರಂಥಭಂಡಾರದಲ್ಲಿ ಉಳಿಯಿತು. ನಾವು ಶಾಸನಗಳ ಸ್ಥಳನಾಮಗಳನ್ನು ನಕ್ಷೆಯಲ್ಲಿ ಹುಡುಕುವಾಗ ಮಾಡುತ್ತಿರುವುದು ಈ ಎರಡನ್ನೂ ಮತ್ತೆ ಒಂದೆಡೆ ಇಡುವ ಕೆಲಸವೇ.

ಘಟ್ಟದ ಮೇಲಿನ ಕಣಿವೆಯಲ್ಲಿ ಈ ಕೆಲಸಕ್ಕೆ ಹಳೆಯ ಹಾಳೆಯೇ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದರ ಗರಿಷ್ಠ ಜಲಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅದಕ್ಕೂ ಹಿಂದಿನ, ಮೈಲಿಗೆ ಒಂದು ಅಂಗುಲದ ಪ್ರಮಾಣದ ಹಾಳೆಯನ್ನು ಹರಡಿ 1800 ಅಡಿಯ ಸಮೋನ್ನತಿ ರೇಖೆಯ ಮೇಲೆ ಬೆರಳಾಡಿಸಿದರೆ ಜಲಾಶಯದ ದಡ ಬಹುಪಾಲು ಅಲ್ಲಿಯೇ ಕಾಣುತ್ತದೆ, ಅಣೆಕಟ್ಟು ಕಟ್ಟುವ ಮೊದಲೇ. ರೇಖೆಯ ಒಳಗಿರುವುದು ಊರು, ಗದ್ದೆ, ಕಾಲುದಾರಿ, ಹೊಳೆ ದಾಟುವ ಕಡವು. ಹೊಸ ಹಾಳೆಯಲ್ಲಿ ಅದಿಷ್ಟೂ ಒಂದೇ ನೀಲಿ. ಅಲ್ಲಿಂದ ಎಬ್ಬಿಸಲ್ಪಟ್ಟ ಕುಟುಂಬಗಳಲ್ಲಿ ಹಲವು ತಾವು ನೆಲೆಸಿದ ಅರಣ್ಯಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದಿವೆ. ಹೊಸ ನಕ್ಷೆ ಆ ನೆಲವನ್ನು ಕಾಡೆನ್ನುತ್ತದೆ. ಅವರು ಬಿಟ್ಟುಬಂದ ನೆಲವನ್ನು ಊರೆಂದು ಹೇಳುವುದು ಹಳೆಯ ಹಾಳೆ.

ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ನೀರು ಇಳಿದಾಗ, ಲಿಂಗನಮಕ್ಕಿಗೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಲು ಹೋಗುವ ವಿದ್ಯಾರ್ಥಿಗಳು ಹಳೆಯ ಹಾಳೆಯ ಪ್ರತಿಯೊಂದನ್ನು ಜೊತೆಗೆ ಒಯ್ಯಬೇಕು.